ಒಂದು ಕಲ್ಲು, ಒಂದು ಹಾಳೆ: ಮಿನಿಮಲಿಸ್ಟ್ ಪ್ರಿಂಟ್‌ನಲ್ಲಿ ಖಾಲಿ ಜಾಗ ಬಳಸುವುದು ಹೇಗೆ?

ಎ3 ಅಳತೆಯ ಒಂದು ಬಿಳಿ ಹಾಳೆ, ಉದ್ದಕ್ಕೆ ನಿಲ್ಲಿಸಿದ್ದು. ಕೆಳಗೆ ಬಲಗಡೆ ಒಂದು ಕಪ್ಪು ಕಲ್ಲು, ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವಷ್ಟು. ಮಿಕ್ಕಿದ್ದೆಲ್ಲ ಖಾಲಿ. ನನ್ನ ಮೇಜಿನ ಎದುರು ಗೋಡೆಯಲ್ಲಿರುವ ಪ್ರಿಂಟ್ ಇಷ್ಟೇ. ನೋಡಿದವರಲ್ಲಿ ಹಲವರು "ಇದರಲ್ಲಿ ಏನಿದೆ?" ಅಂತ ಕೇಳುತ್ತಾರೆ. ಆಗ ಅದೇ ಕಲ್ಲಿನ ಆಕಾರವನ್ನು ಕಪ್ಪು ಕಾಗದದಲ್ಲಿ ಕತ್ತರಿಸಿಟ್ಟದ್ದನ್ನು ತಂದು, ಇನ್ನೊಂದು ಖಾಲಿ ಹಾಳೆಯ ನಟ್ಟನಡುವೆ ಇಡುತ್ತೇನೆ. ಕಲ್ಲು ಹೋಗಿ ಅಂಗಿಯ ಗುಂಡಿ ಆಗಿಬಿಡುತ್ತದೆ. ಹಾಳೆಯ ತಳಕ್ಕೆ ಸರಿಸಿದರೆ ಮತ್ತೆ ಕಲ್ಲಾಗುತ್ತದೆ, ಮೇಲೆ ಆಕಾಶ ಮೂಡುತ್ತದೆ. ಆಕಾರ ಅದೇ, ಹಾಳೆ ಅದೇ. ಸುತ್ತಲಿನ ಖಾಲಿ ಜಾಗ ಮಾತ್ರ ಬದಲಾಯಿತು, ಅಲ್ವಾ?

ಅಂಥದ್ದೊಂದು ಪ್ರಿಂಟ್ ನೀವೇ ಮಾಡುವುದು ಹೇಗೆ ಅಂತ ಮೊದಲಿನಿಂದ ಗೋಡೆಗೆ ಹಾಕುವವರೆಗೆ ಇಲ್ಲಿ ಹೇಳುತ್ತೇನೆ. ಚಿತ್ರ ಬರೆಯಲು ಚೆನ್ನಾಗಿ ಬರಬೇಕು ಅಂತೇನಿಲ್ಲ. ನೋಡುವ ತಾಳ್ಮೆ ಬೇಕು. ನಾಲ್ಕೈದು ಸಾದಾ ಎ3 ಹಾಳೆ, ಒಂದು ಕಪ್ಪು ಕಾಗದ, ಕತ್ತರಿ, ಪೆನ್ಸಿಲ್, ಸ್ಕೇಲು, ಫೋಟೋ ತೆಗೆಯಲು ಫೋನು. ಸದ್ಯಕ್ಕೆ ಇಷ್ಟು ಸಾಕು. ಕಂಪ್ಯೂಟರ್ ಆಮೇಲೆ.

ಹೆಜ್ಜೆ 1: ಮೊದಲು ಬೇರೆಯವರ ಖಾಲಿ ಜಾಗ ನೋಡಿ

ಕೆಲಸ ಶುರು ಮಾಡುವ ಮೊದಲು ಮೂರು ಚಿತ್ರಗಳನ್ನು ಹುಡುಕಿ ನೋಡಿ. ಸುಮ್ನೆ ಕಣ್ಣಾಡಿಸಿದರೆ ಸಾಲದು, ಒಂದೊಂದನ್ನೂ ಐದು ನಿಮಿಷ ನೋಡಬೇಕು. ಒಂದೊಂದರಿಂದಲೂ ಕೈಗೆ ಸಿಗುವ ಪಾಠ ಬೇರೆ.

ಮೊದಲನೆಯದು ಜಪಾನಿನ ಹಸೆಗಾವಾ ತೊಹಾಕು 16ನೇ ಶತಮಾನದ ಕೊನೆಯಲ್ಲಿ ಮಸಿಯಲ್ಲಿ ಬರೆದ ಪೈನ್ ಮರಗಳು. ಆರಾರು ಮಡಿಕೆಯ ಎರಡು ಪರದೆಗಳ ಮೇಲೆ ಬರೆದದ್ದು, ಈಗ ಟೋಕಿಯೋ ನ್ಯಾಷನಲ್ ಮ್ಯೂಸಿಯಂನಲ್ಲಿದೆ. ನೋಡಿದ ಕೂಡಲೇ ಮಂಜು ಕಾಣುತ್ತದೆ. ಆದರೆ ಆ ಮಂಜನ್ನು ಯಾರೂ ಬರೆದಿಲ್ಲ. ಮರಗಳ ಗುಂಪಿನ ನಡುವೆ ಕಾಗದವನ್ನು ಹಾಗೇ ಬಿಟ್ಟಿದ್ದಾರೆ, ಅಷ್ಟೇ. ಹಾಗಾದರೆ ಬರಿ ಕಾಗದ ಮಂಜಾಗಿದ್ದು ಹೇಗೆ? ಮರದ ಅಂಚು ನೋಡಿ. ಹತ್ತಿರದ ಮರಗಳ ಗೆರೆ ಗಾಢವಾಗಿ, ಒರಟಾಗಿ ಇದೆ. ದೂರದವು ತೆಳ್ಳಗಾಗಿ, ನೀರಾಗಿ, ಎಲ್ಲಿ ಮುಗಿದವು ಅಂತ ಗೊತ್ತಾಗದ ಹಾಗೆ ಕರಗಿವೆ. ಆ ಕರಗುವ ಅಂಚೇ ಕಾಗದವನ್ನು ಮಂಜು ಮಾಡಿದ್ದು. ಅದೇ ಮರವನ್ನು ಕತ್ತರಿಸಿದಂಥ ಅಂಚಿನಲ್ಲಿ ಬರೆದಿದ್ದರೆ ಸುತ್ತಲೂ ಬರಿ ಕಾಗದವೇ ಕಾಣುತ್ತಿತ್ತು.

ಎರಡನೆಯದು ಅಮೆರಿಕದ ಎಲ್ಸ್‌ವರ್ತ್ ಕೆಲ್ಲಿ. 1964ರಿಂದ 1966ರ ನಡುವೆ ಗಿಡ, ಎಲೆ, ಹಣ್ಣುಗಳ 28 ಲಿಥೋಗ್ರಾಫ್ (ಕಲ್ಲು ಅಥವಾ ಲೋಹದ ಹಲಗೆಯ ಮೇಲೆ ಬರೆದು ಅಚ್ಚು ತೆಗೆಯುವ ವಿಧಾನ) ಪ್ರಿಂಟ್‌ಗಳನ್ನು ಮಾಡಿದರು. ಬರಿ ಗೆರೆ, ನೆರಳಿಲ್ಲ, ಬಣ್ಣ ತುಂಬಿಲ್ಲ. ಎಲೆಯ ಒಳಗಿರುವುದೂ ಅದೇ ಬಿಳಿ, ಹೊರಗಿರುವುದೂ ಅದೇ ಬಿಳಿ. ಆದರೂ ಒಳಗಿನ ಬಿಳಿ ಎಲೆಯ ಮೈ ಅನ್ನಿಸುತ್ತದೆ, ಹೊರಗಿನದು ಗಾಳಿ ಅನ್ನಿಸುತ್ತದೆ. ಒಂದು ಗೆರೆ ಈ ಎರಡನ್ನೂ ಬೇರೆ ಮಾಡಿತು.

ಮೂರನೆಯದು ಚೀನಾದ ಮುಚಿ ಎಂಬ ಸನ್ಯಾಸಿ ಕಲಾವಿದ 13ನೇ ಶತಮಾನದಲ್ಲಿ ಬರೆದ ಆರು ಪರ್ಸಿಮನ್ (ಟೊಮೇಟೊ ಥರ ಕಾಣುವ ಒಂದು ಹಣ್ಣು) ಹಣ್ಣುಗಳು. ಇದು ಕ್ಯೋಟೋದ ದೈತೊಕುಜಿ ಮಠದಲ್ಲಿದೆ. ಹಣ್ಣುಗಳ ಕೆಳಗೆ ಮೇಜಿಲ್ಲ, ನೆಲದ ಗೆರೆಯೂ ಇಲ್ಲ. ಆದರೆ ಐದು ಹಣ್ಣು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದು, ಒಂದು ಮಾತ್ರ ತುಸು ಕೆಳಗೆ ಬಂದಿದೆ. ಆ ಒಂದು ಹಣ್ಣಿನಿಂದ ಕಣ್ಣಿಗೆ ಮೇಜು ಸಿಗುತ್ತದೆ. ಬೆರಳಿಟ್ಟು ಅದನ್ನು ಮುಚ್ಚಿ ನೋಡಿ. ಆ ಮೇಜು ಅರ್ಧ ಮಾಯ.

ಈ ಮೂರರಲ್ಲೂ ಕಲಾವಿದರು ಖಾಲಿ ಜಾಗವನ್ನು ಸುಮ್ಮನೆ ಬಿಟ್ಟಿಲ್ಲ. ವಸ್ತುವಿನ ಅಂಚು, ಗೆರೆ, ಇಟ್ಟ ಜಾಗ ಇವುಗಳಿಂದ ಅದಕ್ಕೆ ಮಂಜು, ಗಾಳಿ, ಮೇಜು ಅಂತ ಹೆಸರು ಬಂದಿದೆ. ನಿಮ್ಮ ಪ್ರಿಂಟ್‌ನಲ್ಲಿ ಖಾಲಿ ಜಾಗ ಏನಾಗಬೇಕು? ಆಕಾಶವೇ, ನೀರೇ, ನೆಲವೇ, ಅಥವಾ ಒಂದು ದೊಡ್ಡ ಮೌನವೇ? ಒಂದು ಪದದಲ್ಲಿ ಹಾಳೆಯ ಹಿಂದೆ ಬರೆದಿಟ್ಟುಕೊಳ್ಳಿ. ಮುಂದೆ ಗೊಂದಲ ಆದಾಗಲೆಲ್ಲ ಆ ಪದ ದಾರಿ ತೋರಿಸುತ್ತದೆ.

ಹೆಜ್ಜೆ 2: ಒಂದೇ ಒಂದು ವಸ್ತು ಆರಿಸಿಕೊಳ್ಳಿ

ಹೊರರೇಖೆಯಿಂದಲೇ ಗುರುತು ಸಿಗುವಂಥದ್ದು ಬೇಕು. ಕುರ್ಚಿ, ದೋಣಿ, ಹಕ್ಕಿ, ಬಾಗಿದ ಹುಲ್ಲಿನ ಕಡ್ಡಿ, ಕಲ್ಲು, ಅರ್ಧ ಚಂದ್ರ ಇವೆಲ್ಲ ಒಳ್ಳೆಯವು. ಗಡಿಯಾರ, ಮುಖ, ಹೂಗುಚ್ಛ ಬೇಡ. ಅವುಗಳ ಜೀವ ಒಳಗಿನ ವಿವರದಲ್ಲಿದೆ, ವಿವರ ತೆಗೆದರೆ ಏನೂ ಉಳಿಯುವುದಿಲ್ಲ.

ಎರಡೂ ಪಕ್ಕ ಒಂದೇ ಥರ ಇಲ್ಲದ ಆಕಾರ ಸಿಕ್ಕರೆ ಇನ್ನೂ ಚೆನ್ನ. ಹಕ್ಕಿಗೆ ಕೊಕ್ಕಿದೆ, ದೋಣಿಗೆ ಮೂತಿ ಇದೆ, ಕಡ್ಡಿಗೆ ಬಾಗು ಇದೆ. ಅವು ಒಂದು ಕಡೆಗೆ ನೋಡುತ್ತವೆ. ಅವು ನೋಡುವ ಕಡೆ ಖಾಲಿ ಬಿಟ್ಟರೆ ಅದು ಹೋಗಬೇಕಾದ ದಾರಿ ಆಗುತ್ತದೆ. ಬೆನ್ನ ಹಿಂದೆ ಖಾಲಿ ಬಿಟ್ಟರೆ ಬಂದ ದಾರಿ ಆಗುತ್ತದೆ. ದೋಣಿ ಹೊರಟಿದೆಯೋ ದಡ ಸೇರುತ್ತಿದೆಯೋ ಅನ್ನುವುದು ಇಷ್ಟರಿಂದಲೇ ತಿಳಿಯುತ್ತದೆ.

ಹೆಜ್ಜೆ 3: ತೆಗೆಯುತ್ತಾ ಹೋಗಿ

ವಸ್ತುವನ್ನು ಮೊದಲು ಕಂಡಂತೆ ಪೂರ್ತಿ ಬರೆಯಿರಿ. ಆಮೇಲೆ ಒಂದೊಂದೇ ತೆಗೆಯಿರಿ. ಪ್ರತಿ ಸಲ ಹೊಸದಾಗಿ ಬರೆಯಿರಿ, ಅಳಿಸಬೇಡಿ. ಹಳೆಯದು ಪಕ್ಕದಲ್ಲಿ ಇರಲಿ.

ನಾನು ಒಮ್ಮೆ ಮರದ ಕುರ್ಚಿ ತೆಗೆದುಕೊಂಡಿದ್ದೆ. ಬೆನ್ನಿನ ಪಟ್ಟಿಗಳು ಮೊದಲು ಹೋದವು. ಮರದ ನೆರಿಗೆ ಹೋಯಿತು. ನೆರಳು ಹೋಯಿತು. ಕೂರುವ ಹಲಗೆಯ ದಪ್ಪ ಹೋಗಿ ಒಂದೇ ಗೆರೆ ಉಳಿಯಿತು. ಹಿಂದಿನ ಒಂದು ಕಾಲು ತೆಗೆದೆ, ಆಗಲೂ ಕುರ್ಚಿಯೇ. ಇನ್ನೊಂದು ಕಾಲು ತೆಗೆದೆ, ಕುರ್ಚಿ ಹೋಗಿ ಯಾವುದೋ ಅಕ್ಷರದ ಹಾಗೆ ಕಂಡಿತು. ಅಲ್ಲಿಗೆ ನಿಲ್ಲಿಸಿ, ಆ ಕೊನೆಯ ಕಾಲನ್ನು ವಾಪಸ್ ಹಾಕಿದೆ. ಒಟ್ಟು ಐದು ಗೆರೆ. ಕ್ರಮ ಇದೇ: ಗುರುತು ತಪ್ಪುವವರೆಗೆ ತೆಗೆಯುವುದು, ತಪ್ಪಿದ ಕೂಡಲೇ ಕೊನೆಗೆ ತೆಗೆದದ್ದನ್ನು ಹಿಂದಕ್ಕೆ ಇಡುವುದು.

ಒಬ್ಬರಿಗೆ ತೋರಿಸಿ "ಇದೇನು?" ಅಂತ ಕೇಳಿ. ತಟ್ಟನೆ ಉತ್ತರ ಬರಬೇಕು. ಅವರು ಯೋಚನೆಗೆ ಬಿದ್ದರೆ ನೀವು ಒಂದು ಗೆರೆ ಜಾಸ್ತಿ ತೆಗೆದಿದ್ದೀರಿ ಅಂತ ಅರ್ಥ.

ಹೆಜ್ಜೆ 4: ಕತ್ತರಿಸಿ, ಸರಿಸಿ, ಮತ್ತೆ ಸರಿಸಿ

ಇಡೀ ಕೆಲಸದ ಜೀವ ಈ ಹೆಜ್ಜೆಯಲ್ಲಿದೆ. ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಕಂಪ್ಯೂಟರ್‌ನಲ್ಲಿ ಮಾಡಬಹುದಲ್ಲ ಅಂತ ಅನ್ನಿಸಬಹುದು. ನನ್ನ ಮಾತು ಕೇಳಿ, ಮೊದಲ ಸಲ ಕೈಯಲ್ಲೇ ಮಾಡಿ. ಪರದೆಯ ಮೇಲೆ ಹಾಳೆ ಚಿಕ್ಕದಾಗಿ ಕಾಣುತ್ತದೆ, ಖಾಲಿ ಜಾಗದ ನಿಜವಾದ ಅಳತೆ ಮೈಗೆ ತಿಳಿಯುವುದಿಲ್ಲ.

ನಿಮ್ಮ ಆಕಾರವನ್ನು ಕಪ್ಪು ಕಾಗದದಲ್ಲಿ ಮೂರು ಅಳತೆಯಲ್ಲಿ ಕತ್ತರಿಸಿ. ಅಗಲ 12 ಸೆಂ.ಮೀ., 6 ಸೆಂ.ಮೀ., 3 ಸೆಂ.ಮೀ. ಇರಲಿ. ಎ3 ಹಾಳೆ 29.7 ಸೆಂ.ಮೀ. ಅಗಲ, 42 ಸೆಂ.ಮೀ. ಎತ್ತರ. ನನ್ನ ಮೊಟ್ಟೆಯಾಕಾರದ ಕಲ್ಲಿನ ಲೆಕ್ಕ ಹೇಳುತ್ತೇನೆ. 12 ಸೆಂ.ಮೀ. ಕಲ್ಲು ಹಾಳೆಯ ನೂರರಲ್ಲಿ ಸುಮಾರು 7 ಪಾಲು ತುಂಬುತ್ತದೆ. 6 ಸೆಂ.ಮೀ. ಕಲ್ಲು 2 ಪಾಲಿಗೂ ಕಡಿಮೆ. 3 ಸೆಂ.ಮೀ. ಕಲ್ಲು ಅರ್ಧ ಪಾಲಿಗೂ ಕಡಿಮೆ. ಅಗಲ ಅರ್ಧ ಮಾಡಿದರೆ ತುಂಬುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಸ್ವಲ್ಪ ಚಿಕ್ಕದು ಮಾಡಿದರೂ ಹಾಳೆ ಒಮ್ಮೆಲೇ ದೊಡ್ಡದಾದಂತೆ ಅನ್ನಿಸುವುದು.

ಈಗ ನಡುವಿನ ಅಳತೆಯ ಆಕಾರ ತೆಗೆದುಕೊಂಡು ಹಾಳೆಯ ಮೇಲೆ ಸರಿಸಿ. ಒಂದೊಂದು ಜಾಗದಲ್ಲೂ ಇಟ್ಟು, ಎದ್ದು ನಿಂತು ನೋಡಿ.

ನಟ್ಟನಡುವೆ ಇಟ್ಟರೆ ಎಲ್ಲ ಕಡೆ ಸಮ. ಕಣ್ಣು ಅಲ್ಲೇ ನಿಂತುಬಿಡುತ್ತದೆ, ಖಾಲಿ ಜಾಗಕ್ಕೆ ಹೋಗುವುದೇ ಇಲ್ಲ. ಕಂಪನಿಯ ಲೋಗೋ ನೋಡಿದ ಹಾಗೆ. ನಡುವೆಯೇ ಬೇಕು ಅಂದರೆ ಒಂದು ಸೆಂಟಿಮೀಟರ್ ಮೇಲಕ್ಕೆ ಸರಿಸಿ. ಕಣ್ಣಿನ ಲೆಕ್ಕದ ನಡು ಸ್ಕೇಲಿನ ಲೆಕ್ಕದ ನಡುವಿಗಿಂತ ತುಸು ಮೇಲಿರುತ್ತದೆ. ಸರಿಯಾಗಿ ನಡುವೆ ಇಟ್ಟದ್ದು ಕೆಳಗೆ ಜಾರಿದಂತೆ ಕಾಣುತ್ತದೆ.

ಕೆಳಗೆ ಇಟ್ಟರೆ ವಸ್ತು ನೆಲೆ ನಿಲ್ಲುತ್ತದೆ, ಭಾರ ಬರುತ್ತದೆ. ಮೇಲೆ ಇಟ್ಟರೆ ತೇಲುತ್ತದೆ, ಅಥವಾ ಬೀಳುತ್ತಿದೆ ಅನ್ನಿಸುತ್ತದೆ. ಕಲ್ಲನ್ನು ಮೇಲಿಟ್ಟಾಗ ನನಗೆ ಎದೆಯಲ್ಲಿ ಸಣ್ಣ ಅಳುಕು ಆಯಿತು, ಈಗ ಬಿದ್ದೀತು ಅಂತ. ಹಕ್ಕಿಯ ಆಕಾರವನ್ನು ಅದೇ ಜಾಗದಲ್ಲಿಟ್ಟಾಗ ಅಳುಕಿಲ್ಲ, ಹಗುರ ಅನ್ನಿಸಿತು. ಜಾಗ ಒಂದೇ ಆದರೂ ಇಟ್ಟ ವಸ್ತು ಬೇರೆಯಾದ್ದರಿಂದ ಖಾಲಿ ಜಾಗದ ಗುಣವೇ ಬೇರೆಯಾಯಿತು.

ಅಂಚಿನ ಹತ್ತಿರ ಮಾತ್ರ ಹುಷಾರಾಗಿರಿ. ಅಂಚಿಗೆ ಅರ್ಧ ಸೆಂಟಿಮೀಟರ್ ದೂರದಲ್ಲಿ ಇಟ್ಟು ನೋಡಿ. ಕಣ್ಣು ಆ ಸಣ್ಣ ಸಂದಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹಾಳೆಯ ಮಿಕ್ಕ ಜಾಗವೆಲ್ಲ ವ್ಯರ್ಥ. ತಪ್ಪಿ ಅಲ್ಲಿ ಬಿದ್ದಿದೆ ಅನ್ನಿಸುತ್ತದೆ. ಒಂದೋ ಅಂಚಿನಿಂದ ಚೆನ್ನಾಗಿ ದೂರ ತನ್ನಿ, ಇಲ್ಲವೇ ಧೈರ್ಯವಾಗಿ ಅಂಚಿನಲ್ಲಿ ಕತ್ತರಿಸಿಬಿಡಿ. ಅರ್ಧ ಆಕಾರ ಹಾಳೆಯಾಚೆ ಹೋದರೆ ಹಾಳೆ ಅಲ್ಲಿಗೆ ಮುಗಿದಿಲ್ಲ, ಆಚೆಗೂ ಇದೆ ಅಂತ ಕಣ್ಣು ನಂಬುತ್ತದೆ. ಖಾಲಿ ಜಾಗ ಕಾಗದಕ್ಕಿಂತ ದೊಡ್ಡದಾಗುತ್ತದೆ. ಚೀನಾದ ಸೊಂಗ್ ಕಾಲದ ಮಾ ಯುವಾನ್ ಎಂಬ ಕಲಾವಿದ ಚಿತ್ರದ ಭಾರವನ್ನೆಲ್ಲ ಒಂದು ಮೂಲೆಗೆ ತಂದು ಉಳಿದದ್ದನ್ನು ಬಿಡುತ್ತಿದ್ದ. ಅವನಿಗೆ "ಒಂದು ಮೂಲೆಯ ಮಾ" ಅಂತಲೇ ಹೆಸರು ಬಿದ್ದಿತ್ತು. ಮೂಲೆಗೆ ಎಷ್ಟು ಶಕ್ತಿ ಇದೆ ಅಂತ ನಿಮಗೂ ಈ ಸಂಜೆ ಗೊತ್ತಾಗುತ್ತದೆ.

ಹಾಳೆಯನ್ನು ಮೂರು ಪಾಲು ಮಾಡಿ ಆ ಗೆರೆಗಳ ಮೇಲೆ ವಸ್ತು ಇಡಬೇಕು ಅನ್ನುವ ನಿಯಮವನ್ನು ನೀವು ಕೇಳಿರಬಹುದು. ಫೋಟೋಗ್ರಫಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಇಷ್ಟು ಖಾಲಿ ಇರುವ ಪ್ರಿಂಟ್‌ಗೆ ಅದು ಸಾಲದು ಅಂತ ನನ್ನ ಅನುಭವ. ಮೂರನೇ ಒಂದರಲ್ಲಿ ಇಟ್ಟಾಗ ಅಂದವಾಗಿ ಕಾಣುತ್ತದೆ, ಆದರೆ ಸೆಳೆತ ಇರುವುದಿಲ್ಲ. ಅಲ್ಲಿಂದ ಇನ್ನೂ ಅಂಚಿನ ಕಡೆಗೆ ಸರಿಸಿ ನೋಡಿ. ನನ್ನ ಕಲ್ಲು ಕೊನೆಗೆ ನಿಂತದ್ದು ಬಲ ಅಂಚಿನಿಂದ 5 ಸೆಂ.ಮೀ., ತಳದಿಂದ 7 ಸೆಂ.ಮೀ. ದೂರದಲ್ಲಿ. ಎಡಗಡೆ 18.7 ಸೆಂ.ಮೀ., ಮೇಲೆ 30.5 ಸೆಂ.ಮೀ. ಖಾಲಿ. ನಾಲ್ಕು ಕಡೆ ನಾಲ್ಕು ಬೇರೆ ಅಳತೆ. ಎರಡು ಅಳತೆ ಒಂದೇ ಆದ ಕೂಡಲೇ ಚಿತ್ರ ನಿದ್ದೆಗೆ ಜಾರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಎರಡು ವಸ್ತು ಇಡಬೇಕು ಅನ್ನಿಸಿದರೆ ಅವುಗಳ ನಡುವಿನ ತೆರಪೇ ಮುಖ್ಯ ಪಾತ್ರ. ಎರಡು ಕಲ್ಲುಗಳ ನಡುವೆ ಒಂದು ಕಲ್ಲಿನ ಅಗಲಕ್ಕಿಂತ ಕಡಿಮೆ ಜಾಗ ಇದ್ದರೆ ನನ್ನ ಕಣ್ಣಿಗೆ ಅವು ಜೋಡಿ. ಮೂರು ಕಲ್ಲಿನಷ್ಟು ಜಾಗ ಬಿಟ್ಟರೆ ಮುನಿಸಿಕೊಂಡವರ ಹಾಗೆ ಕಾಣುತ್ತವೆ. ಮೊದಲ ಪ್ರಿಂಟ್‌ಗೆ ಒಂದೇ ಸಾಕು.

ಪ್ರತಿ ಜೋಡಣೆಯ ಫೋಟೋ ನೇರ ಮೇಲಿನಿಂದ ತೆಗೆಯಿರಿ. ಹತ್ತು ಹದಿನೈದು ಆಗಲಿ. ಫೋನಿನ ಗ್ಯಾಲರಿಯಲ್ಲಿ ಎಲ್ಲವನ್ನೂ ಚಿಕ್ಕದಾಗಿ ಒಟ್ಟಿಗೆ ನೋಡಿ, ಮೂರು ಆರಿಸಿ. ಆಮೇಲೆ ಆ ಮೂರನ್ನೂ ತಲೆಕೆಳಗು ಮಾಡಿ ನೋಡಿ. ವಸ್ತುವಿನ ಗುರುತು ಹೋದಾಗ ಖಾಲಿ ಜಾಗದ ಆಕಾರ ಮಾತ್ರ ಕಣ್ಣಿಗೆ ಬೀಳುತ್ತದೆ. ಆಗಲೂ ಚೆನ್ನಾಗಿ ಕಂಡದ್ದನ್ನು ಉಳಿಸಿಕೊಳ್ಳಿ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ ತೀರ್ಮಾನ ಮಾಡಿ.

ಹೆಜ್ಜೆ 5: ದೂರ ನಿಂತು ಅಳತೆ ಖಚಿತ ಮಾಡಿ

ಹಾಳೆಯನ್ನು ಗೋಡೆಗೆ ಅಂಟಿಸಿ, ಮುಂದೆ ದಿನವೂ ಎಷ್ಟು ದೂರದಿಂದ ನೋಡುತ್ತೀರೋ ಅಷ್ಟು ದೂರ ನಿಲ್ಲಿ. 3 ಮೀಟರ್ ದೂರದಿಂದ 3 ಸೆಂ.ಮೀ. ಆಕಾರ ಎಷ್ಟು ಕಾಣುತ್ತದೆ ಗೊತ್ತಾ? ಹೆಚ್ಚುಕಡಿಮೆ ಆಕಾಶದಲ್ಲಿ ಚಂದ್ರ ಕಾಣುವಷ್ಟೇ. ಅಷ್ಟು ಚಿಕ್ಕ ಚಂದ್ರ ಅಷ್ಟು ದೊಡ್ಡ ಆಕಾಶವನ್ನು ಹಿಡಿದು ನಿಲ್ಲಿಸುತ್ತಾನೆ, ಯಾಕೆಂದರೆ ಸುತ್ತಲಿನ ಕತ್ತಲಿಗೂ ಅವನ ಬೆಳಕಿಗೂ ಅಷ್ಟು ವ್ಯತ್ಯಾಸ. ನಿಮ್ಮ ಆಕಾರ ಚಿಕ್ಕದಾದಷ್ಟೂ ಅದರ ಬಣ್ಣ ಗಾಢ ಇರಬೇಕು. ತಿಳಿ ಬೂದು ಬಣ್ಣದ 3 ಸೆಂ.ಮೀ. ಕಲ್ಲು ದೂರದಿಂದ ಕಲೆಯ ಹಾಗೆ ಕಾಣುತ್ತದೆ. ತಿಳಿ ಬಣ್ಣವೇ ಬೇಕೆಂದರೆ ದೊಡ್ಡ ಆಕಾರ ಬಳಸಿ.

ಹೆಜ್ಜೆ 6: ಯಾವ ಬಿಳಿ?

ಬಿಳಿಯಲ್ಲಿ ಹಲವು ಬಗೆ ಇವೆ. ಕಲಾವಿದ ಕಾಜಿಮಿರ್ ಮಾಲೆವಿಚ್ 1918ರಲ್ಲಿ ಬಿಳಿಯ ಮೇಲೆ ಬಿಳಿ ಚೌಕ ಬರೆದಾಗ ಎರಡು ಬಿಳಿಗಳ ಸಣ್ಣ ಅಂತರದಿಂದಲೇ ಚೌಕ ಕಾಣುವಂತೆ ಮಾಡಿದರು. ನೀಲಿ ಛಾಯೆಯ ಬಿಳಿ ಕಣ್ಣಿಗೆ ತಣ್ಣಗಿರುತ್ತದೆ, ದೂರ ಅನ್ನಿಸುತ್ತದೆ. ಹಳದಿ ಛಾಯೆಯ ಕೆನೆ ಬಿಳಿ ಬೆಚ್ಚಗಿರುತ್ತದೆ, ಹತ್ತಿರ ಅನ್ನಿಸುತ್ತದೆ. ಹಾಳೆಯ ಹಿಂದೆ ಬರೆದ ಪದ ಈಗ ತೆಗೆದು ನೋಡಿ. ಹಿಮ, ದೂರ, ನೀರು ಅಂತ ಬರೆದಿದ್ದರೆ ತಣ್ಣನೆಯ ಬಿಳಿ. ಮಣ್ಣು, ಮಧ್ಯಾಹ್ನ, ಮರಳು ಅಂತಿದ್ದರೆ ಕೆನೆ ಬಣ್ಣ.

ಇಲ್ಲಿ ಬಹಳ ಜನ ಒಂದೇ ತಪ್ಪು ಮಾಡುತ್ತಾರೆ. ಕೆನೆ ಬಣ್ಣ ಬೇಕು ಅಂತ ಫೈಲ್‌ನಲ್ಲೇ ಹಿನ್ನೆಲೆಗೆ ಬಣ್ಣ ತುಂಬುತ್ತಾರೆ. ಪ್ರಿಂಟರ್ ಆ ತಿಳಿ ಬಣ್ಣವನ್ನು ಚಿಕ್ಕ ಚಿಕ್ಕ ಚುಕ್ಕಿಗಳಲ್ಲಿ ಹಾಕುತ್ತದೆ. ಹತ್ತಿರ ಹೋದರೆ ಖಾಲಿ ಜಾಗವೆಲ್ಲ ಪುಡಿ ಉದುರಿಸಿದಂತೆ. ಜೊತೆಗೆ ಪ್ರಿಂಟರ್ ಅಂಚಿನವರೆಗೆ ಬಣ್ಣ ಹಾಕದಿದ್ದರೆ ಸುತ್ತ ಒಂದು ಬಿಳಿ ಪಟ್ಟಿ ಉಳಿದು, ಬೇಡದ ಚೌಕಟ್ಟು ಬರುತ್ತದೆ. ಬಣ್ಣ ಕಾಗದದಲ್ಲೇ ಇರಲಿ. ಫೈಲ್‌ನ ಹಿನ್ನೆಲೆ ಪೂರ್ತಿ ಬಿಳಿ ಇರಲಿ, ಅಂದರೆ ಸಾಫ್ಟ್‌ವೇರ್‌ನ ಬಣ್ಣದ ಲೆಕ್ಕದಲ್ಲಿ ಕೆಂಪು, ಹಸಿರು, ನೀಲಿ ಮೂರೂ 255, ಅಂದರೆ ಗರಿಷ್ಠ. ಆಗ ಪ್ರಿಂಟರ್ ಅಲ್ಲಿ ಮಸಿಯನ್ನೇ ಹಾಕುವುದಿಲ್ಲ, ಕಾಗದ ಹಾಗೇ ಉಳಿಯುತ್ತದೆ.

ಹೆಜ್ಜೆ 7: ಫೈಲ್ ತಯಾರಿ

ಆಕಾರವನ್ನು ಸ್ಕ್ಯಾನ್ ಮಾಡಬಹುದು, ಇಲ್ಲವೇ ವೆಕ್ಟರ್ ಸಾಫ್ಟ್‌ವೇರ್‌ನಲ್ಲಿ (ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯದ ಗೆರೆ ಎಳೆಯುವಂಥದ್ದು) ಮತ್ತೆ ಎಳೆಯಬಹುದು. ಚೂಪು ಅಂಚು ಬೇಕಿದ್ದರೆ ವೆಕ್ಟರ್. ಕತ್ತರಿಯ ಸಣ್ಣ ಏರುತಗ್ಗು ಉಳಿಯಲಿ ಅನ್ನಿಸಿದರೆ ಸ್ಕ್ಯಾನ್. ಎ3ಗೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 3508 × 4961 ಪಿಕ್ಸೆಲ್ ಬೇಕು.

ಸ್ಕ್ಯಾನ್ ಮಾಡಿದರೆ ಕಾಗದ ಬಿಳಿ ಅಂತ ಕಂಡರೂ ಫೈಲ್‌ನಲ್ಲಿ ತಿಳಿ ಬೂದು ಇರುತ್ತದೆ. ಫೋಟೋ ಸಾಫ್ಟ್‌ವೇರ್‌ನಲ್ಲಿ ಕಪ್ಪು-ಬಿಳಿ ಮಟ್ಟ ಹೊಂದಿಸುವ ಲೆವೆಲ್ಸ್ ಬಳಸಿ ಅದನ್ನು ಪೂರ್ತಿ ಬಿಳಿಗೆ ತನ್ನಿ. ಆಮೇಲೆ ನೂರು ಪರ್ಸೆಂಟ್ ಜೂಮ್ ಮಾಡಿ, ಖಾಲಿ ಜಾಗದ ಮೇಲೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಗೆ, ಹೊಲ ಉಳುವ ಹಾಗೆ ಸಾಲು ಸಾಲಾಗಿ ನೋಡುತ್ತಾ ಹೋಗಿ. ಧೂಳು, ಕೂದಲು, ಸ್ಕ್ಯಾನರ್ ಗಾಜಿನ ಗುರುತು ಏನಿದ್ದರೂ ತೆಗೆಯಿರಿ. ತುಂಬಿದ ಚಿತ್ರದಲ್ಲಿ ಒಂದು ಚುಕ್ಕಿ ಮರೆಯಾಗಿಬಿಡುತ್ತದೆ. ಇಲ್ಲಿ ಅದು ಎರಡನೇ ವಸ್ತು. ನನ್ನ ಮೊದಲ ಪ್ರಿಂಟ್‌ನಲ್ಲಿ ಮೇಲೆ ಎಡಗಡೆ ರೆಪ್ಪೆಗೂದಲಿನಷ್ಟು ಒಂದು ಗೀರು ಉಳಿದಿತ್ತು. ನೋಡಿದವರೆಲ್ಲ ಕಲ್ಲು ಬಿಟ್ಟು ಅದನ್ನೇ ನೋಡಿದರು. ಒಬ್ಬರಂತೂ ಅದನ್ನು ದೂರದ ಹಕ್ಕಿ ಅಂತ ತಿಳಿದಿದ್ದರು.

ಹೆಜ್ಜೆ 8: ಕಾಗದ ಮತ್ತು ಪ್ರಿಂಟಿಂಗ್

ಈ ಚಿತ್ರದಲ್ಲಿ ನೂರಕ್ಕೆ 98 ಪಾಲು ಬರಿ ಕಾಗದ. ಹಾಗಾಗಿ ದುಡ್ಡು ಉಳಿಸುವುದಿದ್ದರೆ ಬೇರೆ ಎಲ್ಲಾದರೂ ಉಳಿಸಿ, ಕಾಗದದಲ್ಲಿ ಬೇಡ. ಮ್ಯಾಟ್ ಕಾಗದ ತೆಗೆದುಕೊಳ್ಳಿ. ಹೊಳೆಯುವ ಗ್ಲಾಸಿ ಕಾಗದದ ಖಾಲಿ ಜಾಗದಲ್ಲಿ ಕೋಣೆಯ ದೀಪ, ಕಿಟಕಿ ಎಲ್ಲ ಬಂದು ಕೂರುತ್ತವೆ. 200ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ತೂಕದ್ದು ಒಳ್ಳೆಯದು, ತೆಳ್ಳಗಿನದು ತೇವಕ್ಕೆ ಅಲೆಅಲೆಯಾಗುತ್ತದೆ. ಆ ಅಲೆಯ ನೆರಳು ಖಾಲಿ ಜಾಗದಲ್ಲಿ ಎದ್ದು ಕಾಣುತ್ತದೆ. ಹತ್ತಿಯಿಂದ ಮಾಡಿದ, ಆಮ್ಲವಿಲ್ಲದ ಕಾಗದ ಸಿಕ್ಕರೆ ಬಹಳ ವರ್ಷ ಬಣ್ಣ ಕೆಡದು. ತುಂಬಾ ಝಗಮಗ ಬಿಳಿ ಇರುವ ಕಾಗದಕ್ಕೆ ಹೊಳಪು ಬರಲು ರಾಸಾಯನಿಕ ಸೇರಿಸಿರುತ್ತಾರೆ. ಬೆಳಕಿಗೆ ಅದರ ಶಕ್ತಿ ಕುಗ್ಗುತ್ತಾ ಹೋಗಿ, ಬಿಳಿ ಹಳದಿಗೆ ತಿರುಗುತ್ತದೆ. ಮಸಿ ಪಿಗ್ಮೆಂಟ್ (ಬಣ್ಣದ ಸಣ್ಣ ಕಣಗಳಿರುವುದು) ಆಗಿರಲಿ, ಡೈ ಮಸಿ (ಬಣ್ಣ ದ್ರವದಲ್ಲಿ ಕರಗಿರುವುದು) ಬೇಗ ಮಾಸುತ್ತದೆ.

ಪ್ರಿಂಟ್ ಕೊಡುವಾಗ "ಫಿಟ್ ಟು ಪೇಜ್" ಆಯ್ಕೆ ತೆಗೆಸಿ, ಅಳತೆ ನೂರು ಪರ್ಸೆಂಟ್ ಇರಲಿ. ಬೇರೆಯವರ ಕೈಯಲ್ಲಿ ಮಾಡಿಸುವುದಿದ್ದರೆ ನಾಲ್ಕು ಕಡೆಯ ಅಂತರವನ್ನು ಸೆಂಟಿಮೀಟರ್‌ನಲ್ಲಿ ಬರೆದು ಕೊಡಿ. ನಾನು ಬಾಯಲ್ಲಿ ಹೇಳಿ ಬಂದಿದ್ದೆ. ವಾಪಸ್ ಹೋದಾಗ ಕಲ್ಲು ಒಂದೂವರೆ ಪಟ್ಟು ದೊಡ್ಡದಾಗಿ ನಡುವೆ ಕೂತಿತ್ತು. "ಅಷ್ಟು ಜಾಗ ವೇಸ್ಟ್ ಆಗ್ತಿತ್ತು, ಸ್ವಲ್ಪ ದೊಡ್ಡದು ಮಾಡಿದೀವಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ಆದರೆ ಒಂದು ಸಂಜೆಯ ಕೆಲಸ, ಒಂದು ಒಳ್ಳೆಯ ಕಾಗದ ಎರಡೂ ಹೋದವು. ಈಗ ಅಳತೆಯ ಜೊತೆ "ಖಾಲಿ ಜಾಗ ಬೇಕೆಂದೇ ಬಿಟ್ಟದ್ದು" ಅಂತಲೂ ಬರೆದು ಕೊಡುತ್ತೇನೆ.

ಹಾಳೆಯನ್ನು ಎರಡೂ ಕೈಯಲ್ಲಿ ಎದುರುಬದುರು ಅಂಚುಗಳಲ್ಲಿ ಹಿಡಿಯಿರಿ. ದೊಡ್ಡ ಹಾಳೆಯನ್ನು ಒಂದೇ ಕೈಯಲ್ಲಿ ಎತ್ತಿದರೆ ಹೆಬ್ಬೆರಳಿನ ಪಕ್ಕ ಉಗುರಿನಾಕಾರದ ಸಣ್ಣ ಮಡಿಕೆ ಬೀಳುತ್ತದೆ. ಅದು ಮತ್ತೆ ಹೋಗುವುದಿಲ್ಲ, ಪಕ್ಕದ ಬೆಳಕಿನಲ್ಲಿ ಯಾವತ್ತೂ ಕಾಣುತ್ತದೆ. ಕೈ ಒಣಗಿರಲಿ, ಶುಚಿಯಾಗಿರಲಿ.

ಪ್ರಿಂಟರ್ ಬೇಡ, ಕೈಯಲ್ಲೇ ಅಚ್ಚು ಹಾಕುತ್ತೇನೆ ಅನ್ನುವವರಿಗೆ ಒಂದು ಮಾತು. ಲಿನೋ (ಕೆತ್ತಲು ಮೆತ್ತಗಿರುವ ಲಿನೋಲಿಯಂ ಹಾಳೆ) ಅಥವಾ ಮರದ ಅಚ್ಚಿನಲ್ಲಿ ಖಾಲಿ ಜಾಗವನ್ನು ಉಳಿಯಿಂದ ಕೆತ್ತಿ ತೆಗೆಯಬೇಕು. ಇಡೀ ಎ3 ಹಲಗೆ ಕೆತ್ತಿದರೆ ಅಲ್ಲಲ್ಲಿ ಉಳಿದ ಏಣುಗಳಿಗೆ ಮಸಿ ತಾಗಿ ಗೀರುಗಳು ಬರುತ್ತವೆ. ಆಕಾರದಷ್ಟೇ ಅಚ್ಚು ಮಾಡಿ, ಅಳತೆ ನೋಡಿ ಹಾಳೆಯ ಮೇಲೆ ಒತ್ತಿ. ಕೈಯಚ್ಚಿನ ಅಂದ ನೋಡಬೇಕಾದರೆ ಭಾರತದಲ್ಲಿ ಹುಟ್ಟಿದ ಕಲಾವಿದೆ ಜರೀನಾ ಹಾಶ್ಮಿಯವರ ಕೆಲಸ ನೋಡಿ. ಮನೆಯ ನೆನಪನ್ನೇ ವಸ್ತುವಾಗಿಟ್ಟುಕೊಂಡು 1999ರಲ್ಲಿ ಅವರು ಮಾಡಿದ 36 ಮರದಚ್ಚುಗಳಲ್ಲಿ ಒಂದೊಂದೂ ಕೆಲವೇ ಕಪ್ಪು ಗೆರೆ, ಒಂದು ಉರ್ದು ಪದ, ಮಿಕ್ಕದ್ದು ಕಾಗದ. ಬಿಟ್ಟು ಬಂದ ಮನೆಯ ಬಗ್ಗೆ ಅಷ್ಟು ಕಡಿಮೆ ಗೆರೆಗಳಲ್ಲಿ ಅಷ್ಟು ಹೇಳಬಹುದು ಅಂತ ನನಗೆ ಗೊತ್ತಾಗಿದ್ದು ಅವರಿಂದ.

ಹೆಜ್ಜೆ 9: ಮೌಂಟ್, ಫ್ರೇಮ್, ಗಾಜು

ಮೌಂಟ್ ಬೋರ್ಡ್ ಅಂದರೆ ಫ್ರೇಮ್‌ನೊಳಗೆ ಚಿತ್ರದ ಸುತ್ತ ಇಡುವ, ನಡುವೆ ಕಿಂಡಿ ಕತ್ತರಿಸಿದ ದಪ್ಪ ರಟ್ಟು. ಅದು ಚಿತ್ರದ ಸುತ್ತ ಇನ್ನೊಂದು ಖಾಲಿ ಜಾಗ. ಅದರ ಬಿಳಿ ನಿಮ್ಮ ಕಾಗದದ ಬಿಳಿಗಿಂತ ಜಾಸ್ತಿ ಬೆಳ್ಳಗಿದ್ದರೆ ಕಾಗದ ಕೊಳೆಯಾದಂತೆ ಕಾಣುತ್ತದೆ. ಫ್ರೇಮ್ ಮಾಡಿಸಲು ಹೋಗುವಾಗ ಅದೇ ಕಾಗದದ ಒಂದು ತುಂಡು ಜೊತೆಗೆ ಒಯ್ದು, ಹಗಲು ಬೆಳಕಿನಲ್ಲಿ ಹೋಲಿಸಿ. ಸುತ್ತ 6 ಸೆಂ.ಮೀ. ಬಿಟ್ಟರೆ ಕೆಳಗೆ 7 ಬಿಡಿ. ಮೌಂಟ್‌ನ ಕಿಂಡಿ ಸಾಮಾನ್ಯವಾಗಿ ಪ್ರತಿ ಕಡೆ 3ರಿಂದ 5 ಮಿ.ಮೀ. ಹಾಳೆಯನ್ನು ಮುಚ್ಚುತ್ತದೆ. ಆಕಾರ ಅಂಚಿಗೆ ಹತ್ತಿರ ಇದ್ದರೆ ಈ ಲೆಕ್ಕ ಮೊದಲೇ ಹಿಡಿಯಿರಿ.

ನನಗೆ ಇಷ್ಟವಾದದ್ದು ಫ್ಲೋಟ್ ಮೌಂಟ್. ಹಾಳೆಯನ್ನು ಮುಚ್ಚದೆ ಬೋರ್ಡ್‌ನ ಮೇಲೆ ತುಸು ಎತ್ತಿ ಕೂರಿಸುತ್ತಾರೆ. ಹಾಳೆಯ ನಾಲ್ಕು ಅಂಚೂ ಕಾಣುತ್ತವೆ, ಕೆಳಗೆ ಸಣ್ಣ ನೆರಳು ಬೀಳುತ್ತದೆ. ಖಾಲಿ ಜಾಗ ಎಲ್ಲಿಂದ ಎಲ್ಲಿಯವರೆಗೆ ಅಂತ ಕಣ್ಣಿಗೆ ಸ್ಪಷ್ಟ. ಫ್ರೇಮ್ ಒಂದೂವರೆ ಸೆಂಟಿಮೀಟರ್‌ಗಿಂತ ದಪ್ಪ ಬೇಡ. ಗಾಜು ಕಾಗದಕ್ಕೆ ತಾಗಬಾರದು, ತಾಗಿದರೆ ತೇವ ಸೇರಿ ಕಲೆ ಕೂರುತ್ತದೆ.

ಹೆಜ್ಜೆ 10: ಗೋಡೆ

ಫ್ರೇಮ್ ಬರುವ ಮೊದಲೇ ಗೋಡೆ ಆರಿಸಿ. ಚಿತ್ರದ ನಡು ನೆಲದಿಂದ ಸುಮಾರು 145 ಸೆಂ.ಮೀ. ಎತ್ತರದಲ್ಲಿರಲಿ. ಅನೇಕ ಗ್ಯಾಲರಿಗಳು ಇಡುವ ಎತ್ತರ ಇದು, ನಿಂತವರ ಕಣ್ಣಿಗೆ ನೇರ. ಹೆಚ್ಚಾಗಿ ಕೂತು ನೋಡುವ ಜಾಗವಾದರೆ ಹತ್ತು ಹದಿನೈದು ಸೆಂಟಿಮೀಟರ್ ಇಳಿಸಿ. ಪಕ್ಕದಲ್ಲಿ ಸ್ವಿಚ್ಚು, ಕ್ಯಾಲೆಂಡರ್, ಇನ್ನೊಂದು ಫ್ರೇಮ್ ಇದ್ದರೆ ಹಾಳೆಯೊಳಗೆ ನೀವು ಕಷ್ಟಪಟ್ಟು ತಂದ ತೆರಪು ಹೊರಗಿನ ಗದ್ದಲದಲ್ಲಿ ಮುಳುಗುತ್ತದೆ. ಎರಡೂ ಪಕ್ಕ ಕನಿಷ್ಠ ಫ್ರೇಮ್‌ನ ಅಗಲದಷ್ಟು ಬರಿ ಗೋಡೆ ಇರಲಿ. ನೇರ ಬಿಸಿಲು ಬೀಳುವ ಗೋಡೆ ಬೇಡ. ಕಿಟಕಿಗೆ ಎದುರು ಗೋಡೆಯೂ ಬೇಡ, ಗಾಜಿನಲ್ಲಿ ಕಿಟಕಿ ಬಂದು ಕೂತುಬಿಡುತ್ತದೆ. ಕಿಟಕಿಗೆ ಪಕ್ಕದ ಗೋಡೆ ಒಳ್ಳೆಯದು.

ಮೊಳೆ ಹೊಡೆಯುವ ಮೊದಲು ಒಂದು ಖಾಲಿ ಎ3 ಹಾಳೆಯನ್ನು ಆ ಜಾಗದಲ್ಲಿ ಅಂಟಿಸಿ, ಎರಡು ದಿನ ಹಾಗೇ ಬಿಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ದೀಪ ಹಚ್ಚಿದ ಮೇಲೆ ನೋಡಿ. ಯಾವ ನೆರಳು ಅದರ ಮೇಲೆ ಹಾದು ಹೋಗುತ್ತದೆ? ಯಾವ ಹೊತ್ತಿನಲ್ಲಿ ಬಿಳಿ ಬೂದಾಗುತ್ತದೆ? ನನ್ನ ಗೋಡೆಯಲ್ಲಿ ಸಂಜೆ ಐದರ ಹೊತ್ತಿಗೆ ಕಿಟಕಿ ಸರಳಿನ ನೆರಳು ಹಾಳೆಯ ಮೇಲ್ಭಾಗಕ್ಕೆ ಅಡ್ಡ ಬರುತ್ತಿತ್ತು, ಸರಿಯಾಗಿ ಕಲ್ಲಿನ ಮೇಲಿನ ಆಕಾಶ ಇರಬೇಕಾದ ಕಡೆ. ಹಾಳೆಯನ್ನು ಒಂದೂವರೆ ಅಡಿ ಎಡಕ್ಕೆ ಸರಿಸಿ ಇನ್ನೊಂದು ಸಂಜೆ ಕಾದೆ. ನೆರಳು ಹಾಳೆಯ ಪಕ್ಕದಲ್ಲೇ ಇಳಿದು ಹೋಯಿತು. ಮೊಳೆ ಅಲ್ಲಿ ಹೊಡೆದೆ.